ಹಲ್ಲು ಹೋದ ಜಾಗದ ಮಾತು

ನಮ್ಮ ಊರಿನಲ್ಲಿ ಯಾರಿಗಾದರೂ ಹಲ್ಲು ಬಿದ್ದರೆ ಅಯ್ಯೋ ಪಾಪ ಅನ್ನುವುದಿಲ್ಲ. ಜಾಗ ಖಾಲಿ ಆಯ್ತಲ್ಲ, ಯಾವ ಮಾತು ಇಟ್ಕೊಳ್ತೀರಿ ಎಂದು ಕೇಳುತ್ತಾರೆ. ನಾನು ಹುಟ್ಟಿದ್ದು ಇಲ್ಲಲ್ಲ. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರ ಸಪ್ಪೆ ಮುಖ ನೋಡಿಕೊಂಡು ಕೂರಲಾರದೆ, ರುಬ್ಬುವ ಕಲ್ಲನ್ನೂ ದೋಸೆ ಹೆಂಚನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಹೊರಟವಳು, ಬಸ್ಸು ಕೆಟ್ಟು ನಿಂತ ಕಡೆ ಇಳಿದುಬಿಟ್ಟೆ. ಬಸ್ಸು ರಿಪೇರಿಯಾಗಿ ಹೋಯಿತು, ನಾನು ಉಳಿದೆ. ರುಬ್ಬುವ ಕಲ್ಲನ್ನು ಮತ್ತೆ ಮೇಲೆ ಹತ್ತಿಸಲು ಕಂಡಕ್ಟರು ಒಪ್ಪಲಿಲ್ಲ ಎಂಬುದೂ ಒಂದು ಕಾರಣ.

ಈಗಿನ ಮುದುಕರ ಅಜ್ಜಂದಿರು ಹುಡುಗರಾಗಿದ್ದ ಕಾಲದಲ್ಲಿ, ಅಮೆರಿಕದಿಂದ ಒಬ್ಬ ಹಲ್ಲಿನ ಡಾಕ್ಟರು ಪೆಟ್ಟಿಗೆ ಹಿಡಿದುಕೊಂಡು ಬಂದು ಇಲ್ಲಿ ನೆಲೆ ನಿಂತಿದ್ದನಂತೆ. ಕೈ ಚುರುಕು, ಮನಸ್ಸು ಮೆತ್ತಗೆ. ಹಲ್ಲು ಕಿತ್ತ ಮೇಲೆ ರೋಗಿಯ ಮುಖ ಬಾಡುವುದನ್ನು ನೋಡಲಾರದೆ, ಖಾಲಿಯಾದ ಜಾಗದಲ್ಲಿ ತನ್ನ ಊರಿನ ಒಂದೊಂದು ಮಾತು ಇಟ್ಟು ಕಳಿಸುತ್ತಿದ್ದ. ತನಗೆ ಬರುತ್ತಿದ್ದ ಹರಕುಮುರುಕು ಕನ್ನಡದಲ್ಲೇ ಇಟ್ಟ, ಅರ್ಥವನ್ನೂ ಹೇಳಿಕೊಟ್ಟ. ಆಮೇಲೆ ಡಾಕ್ಟರು ಹೋದ, ಅವನ ಇಕ್ಕಳ ತುಕ್ಕು ಹಿಡಿಯಿತು, ಮಾತುಗಳು ಬಾಯಿಂದ ಬಾಯಿಗೆ ದಾಟುತ್ತಾ ಉಳಿದವು.

ಬೆಕ್ಕಿನ ಪೈಜಾಮ ಎಂದರೆ ಇದಕ್ಕಿಂತ ಚೆನ್ನಾಗಿರುವುದು ಇನ್ನೊಂದಿಲ್ಲ ಎಂದರ್ಥ. ಮದುವೆಯ ದಿನ ಮಗಳನ್ನು ಒಂದು ಸಲ ಹಾಗೆ ಅನ್ನಿಸದಿದ್ದರೆ ಇಲ್ಲಿನ ತಾಯಂದಿರಿಗೆ ಸಮಾಧಾನವಿಲ್ಲ. ಸ್ವೀನಿಗೆ ಹೇಳು ಎಂದರೆ ನೀನು ಬಿಡುತ್ತಿರುವುದು ಬುರುಡೆ, ನಾನು ನಂಬುವುದಿಲ್ಲ ಎಂದು. ಈ ಸ್ವೀನಿ ಯಾರೋ ಯಾರಿಗೂ ಗೊತ್ತಿಲ್ಲ. ಊರಿನ ಸುಳ್ಳನ್ನೆಲ್ಲ ಎಲ್ಲೋ ಕೂತು ಕೇಳಿಸಿಕೊಳ್ಳುತ್ತಿರುವ ಅವನ ಮೇಲೆ ನನಗೆ ಮರುಕವಿದೆ. ಹುಲ್ಲಿಗೆ ಬೀಳೋಣ ಎಂದರೆ ಮಲಗೋಣ ಎಂದು. ಇದು ಹಾಲುಹಲ್ಲು ಬಿದ್ದ ಮಕ್ಕಳ ಪಾಲು. ಹೊಸ ಹಲ್ಲು ಮೊಳೆಯುವವರೆಗೆ ಮಗು ಸಂಜೆ ಮನೆಮನೆಯ ಬಾಗಿಲಿಗೆ ಹೋಗಿ ಅದನ್ನು ಹೇಳಿ ಬರುತ್ತದೆ, ಆಮೇಲೆ ಇನ್ನೊಂದು ಬೋಡು ಬಾಯಿಗೆ ದಾಟಿಸುತ್ತದೆ. ನಾನು ಹೋಟೆಲು ತೆರೆದ ಹೊಸದರಲ್ಲಿ ಒಬ್ಬ ಮುದುಕರು ದೋಸೆ ತಿಂದು, "ಈಗ ಗ್ಯಾಸಿನ ಮೇಲೆ ಅಡುಗೆ ಮಾಡ್ತಿದೀಯಮ್ಮ" ಅಂದರು. ಸೌದೆ ಒಲೆಯ ಹೊಗೆಯಲ್ಲಿ ನನ್ನ ಕಣ್ಣು ಕೆಂಡವಾಗಿತ್ತು. ಹಂಗಿಸುತ್ತಿದ್ದಾರೆ ಎಂದುಕೊಂಡು ಸೌಟು ಹಿಡಿದೇ ಎದುರಿಗೆ ಹೋದೆ. ಕೆಲಸ ಚೆನ್ನಾಗಿ ಹಿಡಿತಕ್ಕೆ ಬಂತು ಎಂದು ಹೊಗಳುವ ಮಾತು ಅದು ಎಂದು ಅವರು ತಣ್ಣಗೆ ತಿಳಿಸಿ ಹೇಳಿದ ಮೇಲೆ ಇನ್ನೊಂದು ದೋಸೆ ಬಿಟ್ಟಿ ಹಾಕಿದೆ.

ಈ ಮಾತುಗಳಿಗೆ ಒಂದು ಕಟ್ಟಳೆಯಿದೆ. ಒಂದು ಮಾತು ಒಂದು ಸಲಕ್ಕೆ ಒಬ್ಬರ ಬಾಯಲ್ಲಿ ಮಾತ್ರ ಇರುತ್ತದೆ. ಬೇರೆ ಯಾರು ಆಡಹೋದರೂ ನಾಲಿಗೆ ಹೊರಳುವುದಿಲ್ಲ. ಬೇಕಾದವರು ಇಟ್ಟುಕೊಂಡವರ ಹತ್ತಿರ ಹೋಗಿ ಕೇಳಬೇಕು, ಅವರು ಬಂದು ಆಡಬೇಕು. ಇಟ್ಟುಕೊಂಡವರು ಮಾತ್ರ ತಮ್ಮ ಪರವಾಗಿ ತಾವೇ ಆಡಿಕೊಳ್ಳುವ ಹಾಗಿಲ್ಲ. ಇನ್ನೊಬ್ಬರಿಗೆ ಕೊಡಬೇಕಾದರೆ ಅವರ ಕಿವಿಯಲ್ಲಿ ಹೇಳಬೇಕು. ಹೇಳಿದ ಕ್ಷಣಕ್ಕೆ ಅದು ಇವರ ಬಾಯಿಂದ ಹೋಗಿ ಅವರ ಬಾಯಲ್ಲಿ ಕೂರುತ್ತದೆ. ಕೊಡದೆ ಸತ್ತರೆ ಮಾತೂ ಹೋದ ಹಾಗೆ.

ಇಲ್ಲಿಗೆ ಬಂದ ಮೇಲೆ ನನ್ನದೂ ಒಂದು ಹಲ್ಲು ಬಿದ್ದಾಗ ನನಗೆ ಸಿಕ್ಕಿದ್ದು 'ಅಂಗಿ ಬಿಚ್ಚಬೇಡ'. ಆ ಡಾಕ್ಟರ ದೇಶದಲ್ಲಿ ಜಗಳಕ್ಕೆ ನಿಂತವರು ಮೊದಲು ಅಂಗಿ ತೆಗೆದಿಡುತ್ತಿದ್ದರಂತೆ. ಹಾಗಾಗಿ ಇದರರ್ಥ ತಾಳ್ಮೆ ತಂದುಕೋ, ಸಿಟ್ಟಾಗಬೇಡ ಎಂದು. ಊರಿಗೆಲ್ಲ ಮೂಗಿನ ತುದಿಯಲ್ಲಿ ಕೋಪ ಇದ್ದವಳು ನಾನೇ, ನನ್ನ ಬಾಯಿಗೇ ಅದು ಬಂದು ಕೂತಿತು. ಎಲ್ಲಾದರೂ ಜಗಳ ಎದ್ದರೆ ಯಾರಾದರೂ ಓಡಿಬಂದು ನನ್ನನ್ನು ಕರೆದೊಯ್ಯುತ್ತಾರೆ. ನಾನು ಹೋಗಿ ಹೇಳುತ್ತೇನೆ, ಅವರು ತಣ್ಣಗಾಗುತ್ತಾರೆ. ಆದರೆ ನನಗೇ ಕೋಪ ಬಂದರೆ ಹೇಳುವವರು ಯಾರು? ಒಂದು ದಿನ ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನಿಗೆ ನಾನು ಸಹಸ್ರನಾಮ ಮಾಡುತ್ತಿದ್ದಾಗ, ಎದುರಿನ ಸೈಕಲ್ ಶಾಪಿನ ಓಂಕಾರಪ್ಪನವರು ನಿಧಾನಕ್ಕೆ ರಸ್ತೆ ದಾಟಿ ಬಂದರು.

"ಮಂಗಳಮ್ಮ, ಒಂದು ಮಾತು ಹೇಳಿಸ್ಬೇಕಿತ್ತು" ಅಂದರು.

"ಯಾರಿಗೆ?" ಎಂದು ಗದರಿದೆ.

"ನಿಮಗೇ."

ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಸರ್ವಮಂಗಳಮ್ಮ, ಅಂಗಿ ಬಿಚ್ಚಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಹಾಲಿನವನು ನಕ್ಕ, ನಾನೂ ನಕ್ಕೆ. ಹಾಗೆ ಕೇಳುವ ಧೈರ್ಯ ಈ ಊರಿನಲ್ಲಿ ಇನ್ನೊಬ್ಬರಿಗೆ ಬಂದಿರಲಿಲ್ಲ.

ಈ ಓಂಕಾರಪ್ಪನವರ ಬಾಯಲ್ಲಿದ್ದದ್ದು ಊರಿನ ದೊಡ್ಡ ಮಾತು, 'ಪಂಜು ಹಿಡಿದಿದ್ದಾನೆ'. ಡಾಕ್ಟರ ಸೀಮೆಯಲ್ಲಿ ತಮಗೆ ಬೇಕಾದವರ ಪರವಾಗಿ ಜನ ಉರಿಯುವ ಪಂಜು ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತಿದ್ದರಂತೆ. ಯಾರನ್ನಾದರೂ ಒಳಗೊಳಗೇ ಪ್ರೀತಿಸಿ, ಅವರು ತಿರುಗಿ ನೋಡಲಿ ಬಿಡಲಿ, ಹಿಡಿದದ್ದನ್ನು ಇಳಿಸದವರಿಗೆ ಅದನ್ನು ಅನ್ನುತ್ತಾರೆ. ಈ ಊರಿನಲ್ಲಿ ಜಾತಕ, ಮಾತುಕತೆ ಎಲ್ಲ ಆಮೇಲೆ. ಮೊದಲು ಪ್ರೀತಿಸಿದವರು ಓಂಕಾರಪ್ಪನವರ ಅಂಗಡಿಗೆ ಬಂದು ಪಂಕ್ಚರ್ ಹಾಕಿಸುವ ನೆಪದಲ್ಲಿ ನಿಲ್ಲಬೇಕು. ಅವರು ಸೀಮೆಎಣ್ಣೆಯಲ್ಲಿ ಕೈಯ ಗ್ರೀಸು ತೊಳೆದು, ಒಗೆದ ಅಂಗಿ ಹಾಕಿಕೊಂಡು ಜೊತೆಗೆ ಹೋಗುತ್ತಾರೆ. ಇಂಥವನು ನಿನಗೆ ಪಂಜು ಹಿಡಿದಿದ್ದಾನಮ್ಮ ಎಂದು ಮೆಲ್ಲಗೆ ಹೇಳುತ್ತಾರೆ. ಕೇಳಿಸಿಕೊಂಡವರಿಗೆ ಒಪ್ಪಿಗೆ ಇಲ್ಲದಿದ್ದರೆ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ, ಯಾರಿಗೂ ಮುಖಭಂಗವಿಲ್ಲ. ಒಪ್ಪಿಗೆಯಿದ್ದರೆ 'ಎಷ್ಟು ದಿನದಿಂದ?' ಎಂದು ಕೇಳುತ್ತಾರೆ. ಅಷ್ಟು ಕೇಳಿದರೆ ಮದುವೆ ಆದ ಹಾಗೇ. ಓಂಕಾರಪ್ಪನವರು ವಾಪಸು ಬರುವಾಗ ನನ್ನ ಹೋಟೆಲಿಗೆ ಬಂದು, ಕಾಫಿಯ ಜೊತೆ ಮೈಸೂರುಪಾಕು ತೆಗೆದುಕೊಂಡರೆ ಕೆಲಸ ಹಣ್ಣಾಯಿತು ಎಂದು ನನಗೆ ತಿಳಿಯುತ್ತಿತ್ತು. ಬರೀ ಕಾಫಿಯಾದರೆ ನಾನು ಏನೂ ಕೇಳುತ್ತಿರಲಿಲ್ಲ.

ಆ ಮಾತು ಅವರ ಬಾಯಿಗೆ ಬಂದದ್ದು ನನ್ನಿಂದಲೇ. ಹೋಟೆಲು ತೆರೆದ ಮೊದಲ ದಿನ ಕೋಡುಬಳೆ ಕರಿದಿದ್ದೆ. ಹಿಟ್ಟು ಹದ ತಪ್ಪಿತ್ತೋ, ಅವರ ಹಲ್ಲು ಮೊದಲೇ ಅಲ್ಲಾಡುತ್ತಿತ್ತೋ, ಕಚ್ಚಿದ ಕೂಡಲೇ ಮುಂದಿನ ಹಲ್ಲು ಕೋಡುಬಳೆಯಲ್ಲೇ ಉಳಿಯಿತು. ಜನ ನಕ್ಕರು. ಅವರು ಮಾತ್ರ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ರುಚಿ ಚೆನ್ನಾಗಿದೆ ಅಂದು, ಉಳಿದದ್ದನ್ನು ಇನ್ನೊಂದು ಕಡೆಯಿಂದ ತಿಂದು ಮುಗಿಸಿದರು. ಅಂದು ಸಂಜೆಯೇ, ಆ ಮಾತು ಇಟ್ಟುಕೊಂಡಿದ್ದ ಕೆಂಚಮ್ಮಜ್ಜಿ ಕೋಲೂರಿಕೊಂಡು ಬಂದು, ತನಗಿನ್ನು ಮನೆಮನೆ ತಿರುಗಲು ಆಗುವುದಿಲ್ಲವೆಂದು ಅದನ್ನು ಅವರ ಕಿವಿಯಲ್ಲಿ ಹೇಳಿದಳು. ನಾನು ಆಮೇಲೆ ಕೋಡುಬಳೆ ಮಾಡಲಿಲ್ಲ. ಕೇಳಿದವರಿಗೆ ಅಕ್ಕಿ ಹಿಟ್ಟು ಸರಿಯಿಲ್ಲ ಎಂದು ಸುಳ್ಳು ಹೇಳುತ್ತಾ ಬಂದೆ. ಸ್ವೀನಿಗೆ ಅದೂ ಮುಟ್ಟಿರಬೇಕು.

ಓಂಕಾರಪ್ಪನವರಿಗೆ ಮದುವೆಯಾಗಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ದೋಸೆ ಸೀದರೂ ದಪ್ಪವಾದರೂ ಒಂದು ಮಾತಿಲ್ಲ. ನನ್ನ ಒಲೆಯ ಊದುಗೊಳವೆ ಒಡೆದಾಗ ಸೈಕಲ್ ಹ್ಯಾಂಡಲ್ಲಿನ ಕೊಳವೆ ಕತ್ತರಿಸಿ ಹೊಸದು ಮಾಡಿಕೊಟ್ಟರು. ನನಗೆ ಜ್ವರ ಬಂದಾಗ ಅಂಗಡಿ ಮುಚ್ಚಿ ಬಂದು ನನ್ನ ಹೋಟೆಲಿನಲ್ಲಿ ಕೆಟ್ಟ ಕಾಫಿ ಮಾಡಿ ಊರಿಗೆಲ್ಲ ಕುಡಿಸಿದರು. ನನಗೆ ಅವರ ಮೇಲೆ ಪ್ರೀತಿಯಿತ್ತು. ಈಗ ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಿಲ್ಲ, ಆಗ ಇತ್ತು. ಅವರು ಮಾತು ಇಟ್ಟುಕೊಂಡವರು, ತಮ್ಮ ಪರವಾಗಿ ಆಡಿಕೊಳ್ಳುವಂತಿಲ್ಲ. ಆಗಬೇಕಾದರೆ ನನ್ನಿಂದಲೇ ಆಗಬೇಕು. ನಾನು ಹೋಗಿ, ಒಂದು ಮಾತು ಹೇಳಿಸಬೇಕಿತ್ತು ಅನ್ನಬೇಕು, ಯಾರಿಗೆ ಎಂದರೆ ನಿಮಗೇ ಅನ್ನಬೇಕು. ದಾರಿಯನ್ನು ಅವರೇ ತೋರಿಸಿಕೊಟ್ಟಿದ್ದರು. ಎಷ್ಟೋ ಸಲ ಸೆರಗಿಗೆ ಕೈ ಒರೆಸಿಕೊಂಡು ರಸ್ತೆಯ ಅಂಚಿನವರೆಗೆ ಹೋಗಿದ್ದೇನೆ. ಊರನ್ನೆಲ್ಲ ಬಾಯಲ್ಲಿ ಆಳುವ ನನಗೆ ಅಷ್ಟು ರಸ್ತೆ ದಾಟಲು ಆಗಲಿಲ್ಲ. ವಿಧವೆ, ಹೊರಗಿನಿಂದ ಬಂದವಳು, ಇವಳಿಗೇಕೆ ಈ ವಯಸ್ಸಿನಲ್ಲಿ ಎಂದು ಜನ ಅನ್ನುವ ಮೊದಲೇ ನಾನೇ ನನಗೆ ಅಂದುಕೊಂಡು ವಾಪಸು ಬರುತ್ತಿದ್ದೆ. ಹೀಗೇ ಕೂದಲು ನೆರೆಯಿತು.

ಅಷ್ಟರಲ್ಲಿ ಅವರ ಹಲ್ಲುಗಳು ಒಂದೊಂದಾಗಿ ಹೋದವು. ದೋಸೆಯನ್ನು ಸಾಂಬಾರಿನಲ್ಲಿ ನೆನೆಸಿ ನುಂಗುವುದು, ಚಪಾತಿಯನ್ನು ಹಾಲಿಗೆ ಹಾಕುವುದು. ಮೈ ಇಳಿದು ಅಂಗಿ ಗೂಟಕ್ಕೆ ತೂಗುಹಾಕಿದ ಹಾಗಾಯಿತು. ಆ ವರ್ಷ ಸುಹಾಸಿನಿ ಎಂಬ ಹಲ್ಲಿನ ಡಾಕ್ಟರಮ್ಮ ಶಾಲೆಯ ಜಗಲಿಯಲ್ಲಿ ಶಿಬಿರ ಹೂಡಿ, ಬೇಕಾದವರಿಗೆಲ್ಲ ಕಟ್ಟಿಸಿದ ಹಲ್ಲು ಕೊಡುತ್ತೇವೆ ಎಂದರು. ಊರು ಗಲಿಬಿಲಿಗೊಂಡಿತು. ಕಟ್ಟಿಸಿದ ಹಲ್ಲು ಒಂದು ಸಲ ಕೂತರೆ ಆ ಜಾಗದಲ್ಲಿ ಮಾತು ಮತ್ತೆ ನಿಲ್ಲುವುದಿಲ್ಲ. ಮುದುಕರು ಚಕ್ಕುಲಿ ಬೇಕೋ ಮಾತು ಬೇಕೋ ಎಂದು ಜಗಲಿಯ ಮುಂದೆ ತಲೆ ಕೆರೆದುಕೊಂಡು ನಿಂತರು. ಡಾಕ್ಟರಮ್ಮನಿಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಅಮೆರಿಕದವರಂತೆ. ಅವರ ದೇಶದಲ್ಲಿ ಈಗ ಈ ಮಾತುಗಳನ್ನು ಆಡುವವರು ಕಡಿಮೆ, ಆಡಿದರೆ ಮೊಮ್ಮಕ್ಕಳು ನಗುತ್ತಾರೆ ಎಂದು ಅವರು ಹೇಳುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ನಮ್ಮವರಿಗೆ ಇನ್ನೂ ಸಂಕಟವಾಯಿತು. ಅಲ್ಲಿ ಬೇಡವಾದದ್ದನ್ನು ಇಲ್ಲಿ ಬೊಚ್ಚು ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದೇವಲ್ಲ ಎಂದು.

ಓಂಕಾರಪ್ಪನವರು ಬೇಡ ಅಂದರು. ನಾನು ಬಿಡಲಿಲ್ಲ.

"ಮಾತು ತಿನ್ಕೊಂಡು ಬದುಕೋಕಾಗುತ್ತೇನ್ರೀ? ಕನ್ನಡಿ ನೋಡ್ಕೊಂಡಿದೀರಾ?"

"ಊರಿನ ಮಾತು ಮಂಗಳಮ್ಮ. ಸುಮ್ನೆ ಯಾರಿಗೋ ಕೊಡೋಕಾಗಲ್ಲ."

"ಷಡಕ್ಷರಿಗೆ ಕೊಡಿ. ಅವನಿಗೆ ಇನ್ನೊಂದು ಜಾಗ ಖಾಲಿ ಇದೆ, ಕೇಳ್ತಾನೂ ಇದಾನೆ."

ಷಡಕ್ಷರಿ ಬಸ್ ಸ್ಟ್ಯಾಂಡಿನ ಏಜೆಂಟು. ಊರು ಬಿಡುವವರಿಗೆಲ್ಲ 'ಮರದ ಕಾಸು ತಗೋಬೇಡ' ಎಂದು ಹೇಳುವವನು ಅವನೇ. ಹುಷಾರಾಗಿ ಹೋಗಿ ಬಾ, ಯಾರೂ ಯಾಮಾರಿಸದಿರಲಿ ಎಂದು ಅದರರ್ಥ. ಗಂಟಲು ದೊಡ್ಡದು. ಒಂದು ಬೀದಿಯಲ್ಲಿ ಹೇಳಿದರೆ ಮೂರು ಬೀದಿಗೆ ಕೇಳುತ್ತದೆ.

"ಅವನು ಪಂಜನ್ನ ಬಸ್ಸಿನ ಹೆಸರು ಕೂಗ್ದಂಗೆ ಕೂಗ್ತಾನಲ್ಲ" ಎಂದು ಓಂಕಾರಪ್ಪನವರು ನಕ್ಕರು. ಆದರೆ ಮಾರನೆಯ ದಿನ ಹೋಗಿ ಅಳತೆ ಕೊಟ್ಟು ಬಂದರು.

ನನ್ನ ಲೆಕ್ಕಾಚಾರ ನಿಮಗೆ ಹೇಳಲೇಬೇಕು. ಅವರು ದಷ್ಟಪುಷ್ಟವಾಗಲಿ ಎಂಬುದು ನಿಜವೇ. ಜೊತೆಗೆ ಇನ್ನೊಂದಿತ್ತು. ಮಾತು ಷಡಕ್ಷರಿಯ ಬಾಯಿಗೆ ಹೋದರೆ ಇಬ್ಬರಿಗೂ ಬಿಡುಗಡೆ. ಅವರು ಬೇಕಾದರೆ ಅವನನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರಬಹುದು. ಅವರಿಗೆ ಮನಸ್ಸಿಲ್ಲದಿದ್ದರೆ ನಾನೇ ಅವನನ್ನು ಕರೆದೊಯ್ಯುತ್ತೇನೆ, ಮೂರು ಬೀದಿಗೆ ಕೇಳಿಸಿದರೆ ಕೇಳಿಸಲಿ. ಇದೊಂದು ಸಲ ರಸ್ತೆ ದಾಟಿಯೇ ಬಿಡುತ್ತೇನೆ ಎಂದು ನಿರ್ಧರಿಸಿದ್ದೆ.

ಅದೇ ಶಿಬಿರದಲ್ಲಿ ನನ್ನದೊಂದು ಹುಳುಕು ದವಡೆ ಹಲ್ಲನ್ನೂ ಕೀಳಿಸಿಕೊಂಡೆ. ಕೆನ್ನೆ ಊದಿಕೊಂಡು, ಬಾಯಿತುಂಬ ಹತ್ತಿ ಕಚ್ಚಿಕೊಂಡು, ಮಧ್ಯಾಹ್ನ ಹೋಟೆಲಿನ ಬಾಗಿಲು ಅರ್ಧ ಮುಚ್ಚಿ ಕೂತಿದ್ದೆ. ಓಂಕಾರಪ್ಪನವರು ಬಂದರು. ಒಗೆದ ಅಂಗಿ ಹಾಕಿಕೊಂಡಿದ್ದರು. ನಾನು ಸೆರಗು ಸರಿಮಾಡಿಕೊಂಡೆ.

"ಜಾಗ ಖಾಲಿ ಆಯ್ತಂತೆ" ಅಂದರು.

ಮಾತಾಡಲಾರದೆ ತಲೆಯಾಡಿಸಿದೆ.

"ನಾಳೆ ನನಗೆ ಹಲ್ಲು ಕೂರಿಸ್ತಾರೆ. ಇದು ನಿಮ್ಹತ್ರ ಇದ್ರೆ ನನಗೆ ನಿಶ್ಚಿಂತೆ" ಎಂದವರು, ನಾನು ಏನು ಎಂದು ಕೈ ಮಾಡುವುದರೊಳಗೆ ಬಗ್ಗಿ ನನ್ನ ಕಿವಿಯಲ್ಲಿ ಆ ಮಾತು ಹೇಳಿಬಿಟ್ಟರು. ನನ್ನ ಹೊಸ ಗಾಯದ ಜಾಗದಲ್ಲಿ ಲವಂಗ ಇಟ್ಟ ಹಾಗೆ ಬೆಚ್ಚಗಾಯಿತು. ನಾನು ಹತ್ತಿ ಉಗಿದು ಬಾಯಿ ತೆರೆಯುವುದರೊಳಗೆ ಅವರು ರಸ್ತೆ ದಾಟಿ ಹೋಗಿದ್ದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ವರ್ಷ ಕೇಳಬಹುದಾಗಿದ್ದವಳು ನಾನು, ಕೇಳಲಿಲ್ಲ. ಈಗ ಕೇಳುತ್ತೇನೆ ಎಂದು ಗಟ್ಟಿಮನಸ್ಸು ಮಾಡಿಕೊಂಡಾಗ ಮಾತನ್ನು ತಂದು ನನ್ನ ಬಾಯಲ್ಲೇ ತುರುಕಿ ಹೋದರಲ್ಲ. ಇಟ್ಟುಕೊಂಡವಳು ತನ್ನ ಪರವಾಗಿ ಆಡಿಕೊಳ್ಳುವಂತಿಲ್ಲ. ನನ್ನ ಮನಸ್ಸು ಅವರಿಗೆ ತಿಳಿದಿದೆ, ನಾನು ಬಾಯಿ ಬಿಟ್ಟೇನೆಂದು ಹೆದರಿ ಬೀಗ ಹಾಕಿದ್ದಾರೆ ಎಂದುಕೊಂಡೆ. ಅವತ್ತು ಸಂಜೆ ಚಟ್ನಿಗೆ ಕಾಯಿ ತುರಿಯುವಾಗ ನನ್ನ ಕೈಯನ್ನೂ ತುರಿದುಕೊಂಡೆ. ಅಂಗಿ ಬಿಚ್ಚಬೇಡ ಎಂದು ನನಗೆ ಹೇಳಿಸುವವರು ಇದ್ದದ್ದು ಒಬ್ಬರೇ. ಅವರೇ ಇದನ್ನು ಮಾಡಿದವರು.

ಅದಾದ ಮೇಲೆ ಕೆಲವು ದಿನ ಅವರು ಹೋಟೆಲಿನ ಕಡೆ ಬರಲಿಲ್ಲ. ಅಂಗಡಿಯ ಬಾಗಿಲು ಅರ್ಧ ತೆರೆದಿರುತ್ತಿತ್ತು, ಒಳಗಿಂದ ಗಂಜಿಯ ವಾಸನೆ. ಹೊಸ ಹಲ್ಲು ಒತ್ತುತ್ತಿದೆಯಂತೆ, ಮಾತು ತೊದಲುತ್ತಿದೆಯಂತೆ ಎಂದು ಷಡಕ್ಷರಿ ಸುದ್ದಿ ತಂದ. ಬಿದ್ದಿರಲಿ ಅಂದೆ. ಮೂಲೆಯ ಬೆಂಚಿನಲ್ಲಿ ಯಾರಾದರೂ ಕೂತರೆ ಮಾತ್ರ ಎಬ್ಬಿಸಿ ಬೇರೆ ಕಡೆ ಕೂರಿಸುತ್ತಿದ್ದೆ.

ನಡುವೆ ದರ್ಜಿಯ ಮಗಳು ಚಿತ್ಕಳಾ ಬಂದು ನಿಂತಳು. ಹಿಟ್ಟಿನ ಗಿರಣಿಯ ಹುಡುಗನಿಗೆ ಹೇಳಿಸಬೇಕಂತೆ. ಕೇಳಿದ ಮೇಲೆ ಹೋಗಲೇಬೇಕಲ್ಲ, ಹೋದೆ. ಇವಳು ನಿನಗೆ ಪಂಜು ಹಿಡಿದಿದ್ದಾಳಪ್ಪ ಎಂದು ಹೇಳಿದೆ. ಮೈಯೆಲ್ಲ ಹಿಟ್ಟಾಗಿದ್ದ ಹುಡುಗ ಎಷ್ಟು ದಿನದಿಂದ ಎಂದು ಕೇಳಿದ. ಅವಳು ಉತ್ತರ ಹೇಳುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಊರಿನ ಪ್ರೀತಿಯನ್ನೆಲ್ಲ ಬೇರೆಯವರ ಹೆಸರಿನಲ್ಲಿ ಹೇಳಿ ಹೇಳಿ, ಆಮೇಲೆ ಒಬ್ಬರೇ ಬಂದು ನನ್ನ ಎದುರು ಕೂತು ಮೈಸೂರುಪಾಕು ತಿನ್ನುತ್ತಿದ್ದರಲ್ಲ, ಆ ಮನುಷ್ಯನ ಮೇಲಿನ ಸಿಟ್ಟು ಅಲ್ಲೇ ಕರಗಿತು. ನೋವು ಉಳಿಯಿತು. ಹೋಟೆಲಿಗೆ ಬಂದು ನಾನೂ ಒಂದು ಮೈಸೂರುಪಾಕು ತಿಂದೆ. ಸಕ್ಕರೆ ಜಾಸ್ತಿಯಾಗಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ ಹೋಟೆಲು ತುಂಬಿತ್ತು. ಹೆಂಚಿನ ಮೇಲೆ ದೋಸೆ ಹುಯ್ದು ತಲೆಯೆತ್ತಿದರೆ ಬಾಗಿಲಲ್ಲಿ ಓಂಕಾರಪ್ಪನವರು. ಕೆನ್ನೆ ತುಂಬಿಕೊಂಡು ಮುಖವೇ ಬೇರೆಯಾಗಿತ್ತು. ಒಗೆದ ಅಂಗಿ, ಕೈಯಲ್ಲಿ ಗ್ರೀಸಿನ ಗುರುತಿಲ್ಲ, ಸೀಮೆಎಣ್ಣೆಯ ವಾಸನೆ. ಮೂಲೆಯ ಬೆಂಚಿಗೆ ಹೋಗಲಿಲ್ಲ. ನೇರ ಒಲೆಯ ಹತ್ತಿರ ಬಂದು ನಿಂತರು.

"ಮಂಗಳಮ್ಮ, ಒಂದು ಮಾತು ಹೇಳಿಸ್ಬೇಕಿತ್ತು."

ಹೊಸ ಹಲ್ಲು ಕಟಕಟ ಅನ್ನುತ್ತಿತ್ತು.

"ಯಾರಿಗೆ?" ಅಂದೆ. ದನಿ ನನ್ನದಲ್ಲದ ಹಾಗೆ ಕೇಳಿಸಿತು.

"ಈ ಹೋಟ್ಲು ಯಜಮಾನಿಗೆ." ಸ್ವಲ್ಪ ತಡೆದು, "ನೀವು ಬಂದು ಕೇಳ್ತೀರೇನೋ ಅಂತ ಕಾದೆ. ನೀವು ರಸ್ತೆ ಅಂಚಿನವರೆಗೆ ಬಂದು ಬಂದು ವಾಪಸ್ ಹೋದ್ರಿ. ನಾನು ಕೇಳ್ಬೇಕಂದ್ರೆ ಮಾತು ನನ್ ಬಾಯಲ್ಲಿರಬಾರ್ದು. ಇನ್ನೊಬ್ರ ಬಾಯಿಂದ ಇದನ್ನ ಹೇಳ್ಸೋಕೆ ನನಗೆ ಮನಸ್ಸಿಲ್ಲ" ಅಂದರು.

ಹೆಂಚಿನ ಮೇಲಿನ ದೋಸೆ ಸೀಯುತ್ತಿತ್ತು, ಯಾರೂ ಹೇಳಲಿಲ್ಲ. ನಾನು ಸೌಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ. ಕಟ್ಟಳೆಯಂತೆ ಹೇಳುವವರು ಕೇಳಿಸಿಕೊಳ್ಳುವವರ ಎದುರಿಗೆ ನಿಲ್ಲಬೇಕು. ಕೈ ತೊಳೆಯುವ ನಲ್ಲಿಯ ಮೇಲೆ ಒಂದು ಕನ್ನಡಿಯಿದೆ, ಅಂಚಿನಲ್ಲಿ ನನ್ನ ಹಳೇ ಬಿಂದಿಗಳು ಅಂಟಿಕೊಂಡಿವೆ. ಅದರ ಮುಂದೆ ಹೋಗಿ ನಿಂತೆ. ಅವರು ನನ್ನ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತರು, ಇಷ್ಟು ವರ್ಷ ಅವರ ಹಿಂದೆ ಊರಿನ ಹುಡುಗರು ನಿಂತ ಹಾಗೆ. ಕನ್ನಡಿಯಲ್ಲಿ ನೆರೆತ ತಲೆಯ ಒಬ್ಬ ಹೆಂಗಸು ನನ್ನನ್ನು ನೋಡುತ್ತಿದ್ದಳು, ಮೂಗಿನ ಮೇಲೆ ಹಿಟ್ಟು.

"ಸರ್ವಮಂಗಳಮ್ಮ" ಎಂದು ಅವಳನ್ನು ಕರೆದೆ. "ಸೈಕಲ್ ಶಾಪಿನ ಓಂಕಾರಪ್ಪನವರು ನಿಮಗೆ ಪಂಜು ಹಿಡಿದಿದಾರೆ."

ಷಡಕ್ಷರಿ ಬಾಯಿಗೆ ಎತ್ತಿದ್ದ ಲೋಟವನ್ನು ಅಲ್ಲೇ ಹಿಡಿದಿದ್ದ. ಓಂಕಾರಪ್ಪನವರ ಕಣ್ಣು ನಲ್ಲಿಯ ಪಕ್ಕದ ನೀರಿನ ಲೋಟದ ಮೇಲಿತ್ತು, ಎಲ್ಲಿ ಅದನ್ನು ಎತ್ತಿ ಕೊಟ್ಟುಬಿಡುತ್ತೇನೋ ಎಂದು. ನಾನು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದೆ. ಅಷ್ಟು ವರ್ಷ ಕಾದವಳಿಗೆ ಅಷ್ಟಾದರೂ ಬೇಡವೇ? ಆಮೇಲೆ ತಿರುಗಿ, ಕನ್ನಡಿಯನ್ನು ಬಿಟ್ಟು ಅವರನ್ನೇ ನೋಡಿ ಕೇಳಿದೆ.

"ಎಷ್ಟು ದಿನದಿಂದ?"

"ನಿಮ್ಮ ಕೋಡುಬಳೆ ಕಚ್ಚಿದ ದಿನದಿಂದ" ಅಂದರು ಓಂಕಾರಪ್ಪನವರು.

ನಾನು ಅತ್ತೆ, ಎಲ್ಲರೆದುರೇ ಅತ್ತೆ. ಷಡಕ್ಷರಿ ಸುದ್ದಿಯನ್ನು ಬಸ್ ಸ್ಟ್ಯಾಂಡಿನವರೆಗೂ ಕೂಗಿಕೊಂಡು ಹೋದ. ಮಧ್ಯಾಹ್ನ ಬಾಗಿಲು ಹಾಕಿ, ಅಕ್ಕಿ ಹಿಟ್ಟು ಕಲಸಿ, ಹದ ನೋಡಿ, ಬಳೆ ಸುತ್ತಿ, ಎಣ್ಣೆಗೆ ಬಿಟ್ಟೆ. ಅವರು ಮೂಲೆಯ ಬೆಂಚಿನಲ್ಲಿ ಕಾಯುತ್ತಿದ್ದರು. ತಟ್ಟೆಯನ್ನು ಮುಂದಿಟ್ಟು ಜೀವ ಬಿಗಿಹಿಡಿದು ನಿಂತೆ. ಒಂದನ್ನು ಎತ್ತಿಕೊಂಡು, ನನ್ನ ಮುಖ ನೋಡಿ, ಆ ಮೊದಲ ದಿನ ಕಚ್ಚಿದ ಕಡೆಯಿಂದಲೇ ಕಟುಮ್ಮೆಂದು ಕಡಿದರು. ಹಲ್ಲು ನಿಂತಿತು.